ನಡುನೀರಿನಲ್ಲಿ ಸೊರಗುವ ಎಂಜಿನ್: ಇಸಿಯು ಬದಲಿಸುವ ಮುನ್ನ ನೋಡಬೇಕಾದದ್ದು

ಪ್ರಶ್ನೆ: ಶರಾವತಿ ಹಿನ್ನೀರಿನ ಅಂಚಿನಲ್ಲಿ, ತುಮರಿಗೆ ಸಮೀಪದ ಹಳ್ಳಿಯಲ್ಲಿ ನಮ್ಮ ಮನೆಯಿದೆ. ಆಚೆ ದಡದಲ್ಲಿ ಅಡಿಕೆ ತೋಟವಿರುವುದರಿಂದ ಸೇತುವೆಯಾದ ಮೇಲೂ ನಮಗೆ ದೋಣಿ ತಪ್ಪಿಲ್ಲ; ಹೋಮ್‌ಸ್ಟೇಗೆ ಬಂದವರನ್ನೂ ಆಗಾಗ ಕರೆದೊಯ್ಯುತ್ತೇವೆ. 18 ಅಡಿಯ ಫೈಬರ್ ದೋಣಿ, ಸೀಟಿನ ಅಡಿಯಲ್ಲಿ 60 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು, 40 ಎಚ್‌ಪಿಯ ನಾಲ್ಕು ಸ್ಟ್ರೋಕಿನ ಇಂಜೆಕ್ಷನ್ ಔಟ್‌ಬೋರ್ಡ್ ಎಂಜಿನ್. ಎಂಜಿನನ್ನು ಮೂರು ವರ್ಷದ ಹಿಂದೆ ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದೆವು. ಪ್ರತಿ ವರ್ಷ ಜೂನ್ ನಡುವಿನಿಂದ ದೀಪಾವಳಿಯವರೆಗೆ ದೋಣಿ ಕೊಟ್ಟಿಗೆಯಲ್ಲಿರುತ್ತದೆ. ಈ ಬಾರಿ ಹೊರತೆಗೆದಾಗಿನಿಂದ ಬೆಳಿಗ್ಗೆ ಸರಿಯಾಗಿಯೇ ಸ್ಟಾರ್ಟ್ ಆಗಿ, ಪೂರ್ಣ ವೇಗದಲ್ಲಿ ಹತ್ತು ಹದಿನೈದು ನಿಮಿಷ ಓಡಿ, ನಂತರ ನಿಧಾನವಾಗಿ ಶಕ್ತಿ ಕಳೆದುಕೊಂಡು ನಡುಗುತ್ತಾ ನಿಂತುಬಿಡುತ್ತದೆ. ಕಾಲು ಗಂಟೆ ಬಿಟ್ಟರೆ ಮತ್ತೆ ಹೊರಡುತ್ತದೆ. ಎಚ್ಚರಿಕೆಯ ಬಜರ್ ಕೂಗುವುದಿಲ್ಲ. ಪ್ಲಗ್‌ಗಳನ್ನು ಹೊಸದಾಗಿ ಹಾಕಿಸಿದ್ದೇವೆ. ಒಬ್ಬ ಮೆಕ್ಯಾನಿಕ್ ಇಸಿಯು, ಅಂದರೆ ಎಂಜಿನನ್ನು ನಿಯಂತ್ರಿಸುವ ಕಂಪ್ಯೂಟರ್, ಹೋಗಿದೆ ಎನ್ನುತ್ತಾರೆ. ಅದರ ಬೆಲೆ ನಾವು ಎಂಜಿನ್ ಕೊಂಡ ಬೆಲೆಯ ಮೂರನೇ ಒಂದು ಪಾಲಿನಷ್ಟಿದೆ. ಇನ್ನೊಬ್ಬರು ಪೆಟ್ರೋಲಿಗೆ ಸ್ವಲ್ಪ ಟು-ಟಿ (ಎರಡು ಸ್ಟ್ರೋಕಿನ ಎಂಜಿನ್ನಿನ) ಆಯಿಲ್ ಬೆರೆಸಿ ಎಂದರು, ಮತ್ತೊಬ್ಬರು ಎಲ್ಲಕ್ಕೂ ಎಥೆನಾಲ್ ಪೆಟ್ರೋಲೇ ಕಾರಣ ಎಂದರು. ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಒಂದು, ದೊಡ್ಡ ಹಣ ಸುರಿದ ಮೇಲೂ ದೋಷ ಹಾಗೆಯೇ ಉಳಿದೀತೆಂಬುದು. ಇನ್ನೊಂದು, ಅತಿಥಿಗಳು ಕುಳಿತಿರುವಾಗ ದೋಣಿ ನಡುನೀರಿನಲ್ಲಿ ನಿಂತರೆ ಗತಿಯೇನೆಂಬುದು. ಎರಡನೆಯದಕ್ಕೆ ಮೊದಲೇ ಉತ್ತರಿಸುತ್ತೇನೆ. ಈ ದೋಷ ಖಚಿತವಾಗಿ ಗೊತ್ತಾಗಿ ಸರಿಯಾಗುವವರೆಗೆ ಅತಿಥಿಗಳನ್ನು ದೋಣಿಗೆ ಹತ್ತಿಸಬೇಡಿ. ಹಿನ್ನೀರಿನಲ್ಲಿ ಗಾಳಿ ಎದ್ದಾಗ ನಿಂತ ದೋಣಿಯು ನೀರೊಳಗಿನ ಮರದ ಬೊಡ್ಡೆಗಳತ್ತ ತೇಲಿಹೋಗುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ತೋಟಕ್ಕೆ ಹೋಗಲೇಬೇಕಾದರೆ ಇಬ್ಬರು ಹೋಗಿ, ಲೈಫ್ ಜಾಕೆಟ್ ತೊಟ್ಟಿರಿ, ಎರಡು ಹುಟ್ಟುಗಳು ದೋಣಿಯಲ್ಲೇ ಇರಲಿ.

ಮೊದಲನೆಯ ಆತಂಕದ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ: ನೀವು ಬರೆದ ಲಕ್ಷಣಗಳು ಇಸಿಯು ಕೆಟ್ಟಾಗ ಕಾಣುವ ಲಕ್ಷಣಗಳಲ್ಲ. ಎಂಜಿನ್ ನಿಂತ ರೀತಿಯನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಲ್ಲುವುದು ಒಂದು ಬಗೆ; ಹಸಿದವನಂತೆ ಸೊರಗುತ್ತಾ, ನಡುಗುತ್ತಾ, ವೇಗ ಇಳಿಸಿದರೆ ಸ್ವಲ್ಪ ಚೇತರಿಸಿಕೊಂಡು ಕೊನೆಗೆ ನಿಲ್ಲುವುದು ಇನ್ನೊಂದು ಬಗೆ. ಮೊದಲನೆಯದು ಬಹುಮಟ್ಟಿಗೆ ವಿದ್ಯುತ್ತಿಗೆ ಸಂಬಂಧಿಸಿದ್ದು: ಇಗ್ನಿಷನ್ ಕಾಯಿಲ್, ಕ್ರ್ಯಾಂಕ್ ಸೆನ್ಸರ್, ಸಡಿಲವಾದ ಬ್ಯಾಟರಿ ತಂತಿ, ತುರ್ತು ನಿಲುಗಡೆಯ ಹಗ್ಗದ ಸ್ವಿಚ್ಚು. ಎರಡನೆಯದು ಪೆಟ್ರೋಲ್ ಸಾಲದೆ ಆಗುವುದು. ನೀವು ವಿವರಿಸಿರುವುದು ಈ ಎರಡನೆಯ ಬಗೆಯನ್ನು. ಕಾಯಿಲ್ ಮತ್ತು ಕ್ರ್ಯಾಂಕ್ ಸೆನ್ಸರ್‌ಗಳೂ ಬಿಸಿಯಾದಾಗ ಕೈಕೊಟ್ಟು ತಣಿದ ಮೇಲೆ ಸರಿಯಾಗುವುದುಂಟು, ಆದ್ದರಿಂದ ಕಾಲು ಗಂಟೆಯ ನಂತರ ಮತ್ತೆ ಹೊರಡುತ್ತದೆ ಎಂಬ ಒಂದೇ ಅಂಶದಿಂದ ತೀರ್ಮಾನಕ್ಕೆ ಬರಲಾಗದು. ಆದರೆ ಅವು ಕೈಕೊಟ್ಟಾಗ ಸಾಮಾನ್ಯವಾಗಿ ಎಂಜಿನ್ ಹೀಗೆ ಮೆಲ್ಲಮೆಲ್ಲನೆ ಬಳಲುವುದಿಲ್ಲ.

ಇಸಿಯು ಎಂಬುದು ರಾಳದಲ್ಲಿ ಮುಳುಗಿಸಿ ಮುಚ್ಚಿದ ಪೆಟ್ಟಿಗೆ. ಬ್ಯಾಟರಿಯ ತಂತಿಗಳನ್ನು ಅದಲುಬದಲು ಜೋಡಿಸಿದಾಗ, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಕಳಚಿದಾಗ, ಅಥವಾ ಕನೆಕ್ಟರಿಗೆ ನೀರು ಹೊಕ್ಕಾಗ ಅದು ಹಾಳಾಗುತ್ತದೆ. ಅದು ಹಾಳಾಗಿದೆ ಎಂದು ಹೇಳುವವರು ಎಂಜಿನ್ನಿನ ದೋಷಸಂಕೇತಗಳನ್ನು ಓದಿ ತೋರಿಸಬೇಕು. ಇಂಜೆಕ್ಷನ್ ಎಂಜಿನ್‌ಗಳಲ್ಲಿ ಈ ಸಂಕೇತಗಳನ್ನು ಕೆಲವು ಮಾದರಿಗಳಲ್ಲಿ ದೀಪ ಮಿನುಗುವ ಎಣಿಕೆಯಿಂದಲೂ, ಉಳಿದವುಗಳಲ್ಲಿ ಕಂಪ್ಯೂಟರ್ ಜೋಡಿಸಿಯೂ ಓದಬಹುದು. ಓದದೆ ಹೇಳಿದ್ದರೆ ಅದು ಊಹೆ. ಎಲ್ಲವನ್ನೂ ನೋಡಿ, ಒಂದೊಂದನ್ನೇ ಹೊರಗಿಟ್ಟ ಮೇಲೆ ಕೊನೆಗೆ ಸಂಶಯಪಡಬೇಕಾದ ಭಾಗ ಅದು.

ಟು-ಟಿ ಆಯಿಲ್ ಬೆರೆಸುವ ಸಲಹೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಕರಾವಳಿಯಲ್ಲಿ ನಾಡದೋಣಿಗಳಿಗೆ ಕಟ್ಟುವ ಎರಡು ಸ್ಟ್ರೋಕಿನ ಎಂಜಿನ್‌ಗಳು ಪೆಟ್ರೋಲಿನಲ್ಲಿ ಹೊತ್ತಿಕೊಂಡು ಸೀಮೆಎಣ್ಣೆಯಲ್ಲಿ ಓಡುವಂಥವು. ಇಂಧನದ ಜೊತೆಗೇ ಎಣ್ಣೆ ಹೋಗದಿದ್ದರೆ ಅವುಗಳ ಬೇರಿಂಗ್‌ಗಳು ಉಳಿಯುವುದಿಲ್ಲ. ಆ ಎಂಜಿನ್‌ಗಳ ಜೊತೆ ಬೆಳೆದವರ ಅನುಭವ ಸುಳ್ಳಲ್ಲ, ಆದರೆ ಅದು ನಿಮ್ಮ ಎಂಜಿನ್ನಿಗೆ ಹೊಂದುವುದಿಲ್ಲ. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ತನ್ನದೇ ಆಯಿಲ್ ಇರುತ್ತದೆ. ದಿನನಿತ್ಯದ ಪೆಟ್ರೋಲಿಗೆ ಟು-ಟಿ ಬೆರೆಸಿದರೆ ಪ್ಲಗ್‌ಗಳ ಮೇಲೆ ಮಸಿ ಕಟ್ಟುತ್ತದೆ, ಬೇರೇನೂ ಲಾಭವಿಲ್ಲ. ಮಳೆಗಾಲಕ್ಕೆ ಎಂಜಿನ್ ಎತ್ತಿಡುವಾಗ ಕೆಲವು ತಯಾರಕರು ಕೊನೆಯ ಓಟಕ್ಕೆ ಮಾತ್ರ ಸ್ವಲ್ಪ ಬೆರೆಸಲು ಹೇಳುತ್ತಾರೆ. ಅದು ಬೇರೆ ಸಂದರ್ಭ. ಸೀಮೆಎಣ್ಣೆಯನ್ನಂತೂ ಯಾರು ಹೇಳಿದರೂ ಹಾಕಬೇಡಿ.

ಇನ್ನು ಪೆಟ್ರೋಲ್ ನಿಮ್ಮ ದೋಣಿಯಲ್ಲಿ ಹೇಗೆ ಸಾಗುತ್ತದೆ ಎಂಬುದನ್ನು ಹೇಳದೆ ಮುಂದಿನ ಪರೀಕ್ಷೆಗಳು ಅರ್ಥವಾಗುವುದಿಲ್ಲ. ಟ್ಯಾಂಕಿನ ತಳದ ಹೀರುಕೊಳವೆಯಿಂದ ಹೊರಟ ಪೆಟ್ರೋಲು ಕೈಯಿಂದ ಹಿಂಡುವ ರಬ್ಬರ್ ಬಲ್ಬನ್ನೂ, ನೀರು ಬೇರ್ಪಡಿಸುವ ಫಿಲ್ಟರನ್ನೂ ದಾಟಿ, ಎಂಜಿನ್ನಿನ ಮೇಲಿರುವ ಕಡಿಮೆ ಒತ್ತಡದ ಪಂಪಿಗೆ ಬರುತ್ತದೆ. ಆ ಪಂಪು ಅದನ್ನು ಒಂದು ಸಣ್ಣ ಡಬ್ಬಿಗೆ ತುಂಬಿಸುತ್ತದೆ. ವೇಪರ್ ಸೆಪರೇಟರ್ ಎಂದು ಅದರ ಹೆಸರು, ಗ್ಯಾರೇಜಿನಲ್ಲಿ ನಾವು ವಿಎಸ್‌ಟಿ ಎನ್ನುತ್ತೇವೆ. ಕಾರ್ಬ್ಯುರೇಟರಿನಲ್ಲಿದ್ದಂತೆ ಅದರೊಳಗೂ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟು, ಸೂಜಿ ಇರುತ್ತವೆ. ಬಹುತೇಕ ಎಂಜಿನ್‌ಗಳಲ್ಲಿ ಆ ಡಬ್ಬಿಯೊಳಗೇ ಮುಳುಗಿರುವ ವಿದ್ಯುತ್ ಪಂಪು (ಹೈ ಪ್ರೆಷರ್ ಪಂಪ್) ಪೆಟ್ರೋಲನ್ನು ಸುಮಾರು 2.5ರಿಂದ 3 ಬಾರ್, ಅಂದರೆ 36ರಿಂದ 44 ಪಿಎಸ್‌ಐ ಒತ್ತಡಕ್ಕೆ ಏರಿಸಿ ಇಂಜೆಕ್ಟರ್‌ಗಳಿಗೆ ಕಳುಹಿಸುತ್ತದೆ. ಬೆಳಿಗ್ಗೆ ಕೀ ತಿರುಗಿಸಿದೊಡನೆ ಎರಡು ಮೂರು ಸೆಕೆಂಡು ಕೇಳುವ ಸಣ್ಣ ಗುಂಯ್ ಸದ್ದು ಈ ಪಂಪಿನದು.

ಆದ್ದರಿಂದ ಮೊದಲು ಬಗೆಹರಿಯಬೇಕಾದ ಪ್ರಶ್ನೆಯೆಂದರೆ, ಪೆಟ್ರೋಲಿನ ಕೊರತೆ ವಿಎಸ್‌ಟಿಗೆ ಬರುವ ಮುನ್ನ ಆಗುತ್ತಿದೆಯೋ, ಅದರ ನಂತರವೋ ಎಂಬುದು. ಇದನ್ನು ತಿಳಿಯಲು ಯಾವ ಉಪಕರಣವೂ ಬೇಡ, ಆ ರಬ್ಬರ್ ಬಲ್ಬೇ ಸಾಕು. ಅಲೆಯಿಲ್ಲದ ಬೆಳಿಗ್ಗೆ, ಬೊಡ್ಡೆಗಳಿಲ್ಲದ ಜಾಗದಲ್ಲಿ, ದಡಕ್ಕೆ ಹತ್ತಿರದಲ್ಲೇ ಸುತ್ತುತ್ತಾ ಎಂಜಿನನ್ನು ಪೂರ್ಣ ವೇಗದಲ್ಲಿ ಓಡಿಸಿ. ಒಬ್ಬರು ನಡೆಸಲಿ, ಇನ್ನೊಬ್ಬರು ಬಲ್ಬಿನ ಪಕ್ಕ ಕುಳಿತಿರಲಿ. ಎಂಜಿನ್ ಸೊರಗಲು ಆರಂಭಿಸಿದ ಕೂಡಲೇ ಬಲ್ಬನ್ನು ಮುಟ್ಟಿ ನೋಡಿ, ನಂತರ ಮೆಲ್ಲಗೆ ಹಿಂಡಿ. ಹಿಂಡಿದಾಗ ಎಂಜಿನ್ ಚೇತರಿಸಿಕೊಂಡರೆ ದೋಷ ಟ್ಯಾಂಕಿನಿಂದ ಕಡಿಮೆ ಒತ್ತಡದ ಪಂಪಿನವರೆಗಿನ ದಾರಿಯಲ್ಲಿದೆ. ಬಲ್ಬು ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿದ್ದರೆ ಅದಕ್ಕಿಂತ ಹಿಂದೆ, ಟ್ಯಾಂಕಿನ ಕಡೆ, ಏನೋ ಕಟ್ಟಿಕೊಂಡಿದೆ. ಬಲ್ಬು ಮೆತ್ತಗಿದ್ದು ಎಷ್ಟು ಹಿಂಡಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಒಂದು ಕಡೆ ಗಾಳಿ ಸೇರುತ್ತಿದೆ: ಬಿರಿದ ಪೈಪು, ಸಡಿಲ ಕ್ಲಿಪ್ಪು, ಸವೆದ ಓ-ರಿಂಗು. ಬಲ್ಬು ಗಟ್ಟಿಯಾಗಿಯೇ ಇದ್ದು ಹಿಂಡಿದರೂ ಎಂಜಿನ್ನಿಗೆ ಏನೂ ಆಗದಿದ್ದರೆ ಆಗ ವಿಎಸ್‌ಟಿಯತ್ತ ನೋಡಬೇಕು. ಜೋರಾಗಿ ಹಿಂಡಬೇಡಿ, ಬಲವಂತವಾಗಿ ತುಂಬಿಸಿದರೆ ಸೂಜಿಯನ್ನು ಮೀರಿ ಪೆಟ್ರೋಲು ಉಕ್ಕಿ ಎಂಜಿನ್ನಿನ ಗಾಳಿದಾರಿಗೆ ಹರಿಯುವ ಅಪಾಯವಿದೆ.

ಮರುದಿನ ಅದೇ ಪರೀಕ್ಷೆಯನ್ನು ಇನ್ನೊಂದು ರೀತಿಯಲ್ಲಿ ಮಾಡಿ: ಎಂಜಿನ್ ಸೊರಗಿದಾಗ ಬಲ್ಬನ್ನು ಮುಟ್ಟದೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಬೀಡಿ, ಸಿಗರೇಟು, ಕಿಡಿ ಹತ್ತಿರ ಇರಬಾರದು. ಸುಸ್ ಎಂದು ಗಾಳಿ ಒಳಗೆ ನುಗ್ಗಿ, ಅರ್ಧ ನಿಮಿಷದಲ್ಲಿ ಎಂಜಿನ್ ಮೊದಲಿನಂತಾದರೆ ನಿಮ್ಮ ದೋಷ ಸಿಕ್ಕಿತು. ಟ್ಯಾಂಕಿನ ಉಸಿರು ಕಟ್ಟಿದೆ.

ನನ್ನ ಮೊದಲ ಸಂಶಯ ಇದರ ಮೇಲೆಯೇ ಇರುವುದಕ್ಕೆ ಕಾರಣವಿದೆ. 40 ಎಚ್‌ಪಿಯ ಎಂಜಿನ್ ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 15 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅಂದರೆ ಕಾಲು ಗಂಟೆಯಲ್ಲಿ ನಾಲ್ಕು ಲೀಟರಿನಷ್ಟು. ಅಷ್ಟು ಪೆಟ್ರೋಲ್ ಹೊರಗೆ ಹೋದಾಗ ಅಷ್ಟೇ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆಯುತ್ತಾ ಹೋಗಿ, ಕಡಿಮೆ ಒತ್ತಡದ ಪಂಪಿಗೆ ಎಳೆಯಲು ಆಗದ ಘಟ್ಟವೊಂದು ಬರುತ್ತದೆ. ನಿಧಾನವಾಗಿ ಓಡಿಸಿದರೆ ಆ ಘಟ್ಟ ಬರುವುದೇ ಇಲ್ಲ. ಕಾಲು ಗಂಟೆ ನಿಲ್ಲಿಸಿದರೆ ಎಲ್ಲಿಂದಲೋ ಸ್ವಲ್ಪ ಸ್ವಲ್ಪವಾಗಿ ಗಾಳಿ ಸೇರಿ ಎಲ್ಲವೂ ಸರಿಯಾದಂತೆ ಕಾಣುತ್ತದೆ. ನಿಮ್ಮ ಪತ್ರದ ಪ್ರತಿಯೊಂದು ವಾಕ್ಯಕ್ಕೂ ಇದು ಹೊಂದುತ್ತದೆ. ಇನ್ನೊಂದು ಗುರುತನ್ನೂ ನೀವೇ ಗಮನಿಸಬಹುದು: ಟ್ಯಾಂಕು ತುಂಬಿದ್ದಾಗ ಮೇಲಿನ ಗಾಳಿಯ ಜಾಗ ಕಡಿಮೆಯಿರುವುದರಿಂದ ದೋಷ ಬೇಗ ಬರಬೇಕು, ಅರ್ಧವಿದ್ದಾಗ ತಡವಾಗಿ ಬರಬೇಕು. ಹಾಗೆಯೇ ಆಗುತ್ತಿದ್ದರೆ ಸಂಶಯಕ್ಕೆ ಹೆಚ್ಚು ಜಾಗವಿಲ್ಲ.

ಕಟ್ಟಿರುವುದು ಏನೆಂದು ನೀವು ಕೇಳಬಹುದು. ಸೀಟಿನ ಅಡಿಯ ಸ್ಥಿರ ಟ್ಯಾಂಕಿಗೆ ಗಾಳಿಯ ಪೈಪೊಂದು ದೋಣಿಯ ಪಕ್ಕಕ್ಕೆ ಹೋಗಿ ಸಣ್ಣ ಬಾಯಿಯಾಗಿ ತೆರೆದಿರುತ್ತದೆ. ನಮ್ಮ ಮಲೆನಾಡಿನ ಕೊಟ್ಟಿಗೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಸಿಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಹಿನ್ನೀರಿನ ಇನ್ನೊಂದು ದಡದ ತೋಟಗಾರರೊಬ್ಬರ ದೋಣಿ ಇದೇ ದೂರಿನೊಂದಿಗೆ ನನ್ನಲ್ಲಿಗೆ ಬಂದಿತ್ತು. ಅದಕ್ಕೆ ಆಗಲೇ ಬೇರೆ ಕಡೆ ಹೈ ಪ್ರೆಷರ್ ಪಂಪ್ ಬದಲಿಸಿದ್ದರು, ನಾನೂ ಎರಡು ದಿನ ವಿಎಸ್‌ಟಿ ಬಿಚ್ಚಿ ಜೋಡಿಸುವುದರಲ್ಲಿ ಕಳೆದೆ. ಮೂರನೆಯ ದಿನ ಗಾಳಿಯ ಪೈಪು ಕಳಚಿ ಊದಿದಾಗ ಒಂದು ಬೆರಳಿನಷ್ಟು ಉದ್ದದ ಒಣಗಿದ ಕೆಮ್ಮಣ್ಣು ಹೊರಬಂತು. ಆ ಮನೆಯವರು ಒಂದು ಋತುವಿನ ಓಡಾಟವನ್ನೂ ಪಂಪಿನ ಹಣವನ್ನೂ ಕಳೆದುಕೊಂಡಿದ್ದರು. ಅಂದಿನಿಂದ ಯಾವ ಎಂಜಿನ್ ಬಂದರೂ ಮುಚ್ಚಳ ಸಡಿಲಿಸಿ ಓಡಿಸುವುದರಿಂದಲೇ ನಾನು ಪರೀಕ್ಷೆ ಆರಂಭಿಸುತ್ತೇನೆ.

ಪೈಪನ್ನು ಟ್ಯಾಂಕಿನ ಕಡೆಯಿಂದ ಕಳಚಿಯೇ ಸ್ವಚ್ಛಗೊಳಿಸಿ, ಇಲ್ಲದಿದ್ದರೆ ಆ ಮಣ್ಣು ಟ್ಯಾಂಕಿನೊಳಗೆ ಬೀಳುತ್ತದೆ. ಹೊರಬಾಯಿಗೆ ತುಕ್ಕು ಹಿಡಿಯದ ಉಕ್ಕಿನ ಸಣ್ಣ ಬಲೆ ಕೂರಿಸಿ. ಬಟ್ಟೆ ತುರುಕುವುದು ಬೇಡ; ತೆಗೆಯಲು ಮರೆತರೆ ಅದೇ ಕತೆ ಮತ್ತೆ ಆಗುತ್ತದೆ.

ಗಾಳಿಯ ಪೈಪು ಶುದ್ಧವಾಗಿದ್ದು, ಆದರೂ ಬಲ್ಬು ಚಪ್ಪಟೆಯಾಗುತ್ತಿದ್ದರೆ ಟ್ಯಾಂಕಿನ ಹೀರುಕೊಳವೆಯ ಜಾಲರಿಯನ್ನೂ, ಅದರ ತುದಿಯಲ್ಲಿ ಇರಬಹುದಾದ ಆಂಟಿ-ಸೈಫನ್ ವಾಲ್ವನ್ನೂ ನೋಡಬೇಕು. ಪೈಪು ತುಂಡಾದರೆ ಪೆಟ್ರೋಲು ದೋಣಿಯೊಳಗೆ ಹರಿಯದಂತೆ ತಡೆಯುವ ವಾಲ್ವ್ ಅದು. ಅದರ ಗುಂಡು ಅಂಟಿಕೊಳ್ಳುವುದುಂಟು. ಕೆಲವರು ಅದನ್ನು ಕಿತ್ತುಹಾಕಿ ಸಮಸ್ಯೆ ತೀರಿತು ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಹೊಸದನ್ನೇ ಹಾಕಿಸಿ. ಫಿಲ್ಟರ್ ಮೇಲ್ನೋಟಕ್ಕೆ ಸ್ವಚ್ಛವಾಗಿ ಕಂಡರೂ ಬದಲಿಸಿ. ಅದರ ಕಾಗದ ನೀರಿನಿಂದ ಉಬ್ಬಿದರೆ ಕಣ್ಣಿಗೆ ಕಾಣುವುದಿಲ್ಲ, ಕಡಿಮೆ ವೇಗದಲ್ಲಿ ಗೊತ್ತೂ ಆಗುವುದಿಲ್ಲ.

ಇದೇ ಹಂತದಲ್ಲಿ ಎಂಜಿನ್ ಆಯಿಲಿನ ಕಡ್ಡಿ ಎಳೆದು ಮಟ್ಟ ನೋಡಿ, ಮೂಸಿ ನೋಡಿ. ನಿಮ್ಮ ಕಡಿಮೆ ಒತ್ತಡದ ಪಂಪು ಡಯಾಫ್ರಮ್ (ತೆಳು ಪೊರೆ) ಇರುವ ಯಾಂತ್ರಿಕ ಪಂಪಾಗಿದ್ದು ಆ ಡಯಾಫ್ರಮ್ ಬಿರಿದಿದ್ದರೆ ಪೆಟ್ರೋಲು ಆಯಿಲಿಗೆ ಸೇರುತ್ತದೆ, ಮಟ್ಟ ಇಳಿಯುವ ಬದಲು ಏರುತ್ತದೆ. ಆಯಿಲಿನಲ್ಲಿ ಪೆಟ್ರೋಲಿನ ವಾಸನೆ ಬಲವಾಗಿದ್ದರೆ ಎಂಜಿನನ್ನು ಅಲ್ಲಿಗೇ ನಿಲ್ಲಿಸಿ, ಪಂಪನ್ನೂ ಆಯಿಲನ್ನೂ ಬದಲಿಸುವವರೆಗೆ ಓಡಿಸಬೇಡಿ.

ಬಲ್ಬಿನ ಪರೀಕ್ಷೆ ವಿಎಸ್‌ಟಿಯತ್ತ ಬೆರಳು ತೋರಿಸಿದರೆ ಆ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ಎಂಜಿನ್ ನಿಲ್ಲಿಸಿದ ಮೇಲೂ ಆ ಪೈಪುಗಳಲ್ಲಿ ಒತ್ತಡವಿರುತ್ತದೆ. ಸಡಿಲಿಸಿದರೆ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಚಿಮ್ಮುತ್ತದೆ. ಅಲ್ಲಿ ಸಾಮಾನ್ಯವಾಗಿ ಕಾಣುವುದು, ತಿಂಗಳುಗಟ್ಟಲೆ ನಿಂತ ಪೆಟ್ರೋಲು ಒಣಗಿ ಕಟ್ಟಿದ ಕಂದು ಬಣ್ಣದ ಅಂಟು, ಆ ಅಂಟಿನಿಂದ ಮುಚ್ಚಿದ ಪಂಪಿನ ಸಣ್ಣ ಜಾಲರಿ. ನಿಮ್ಮ ಎಂಜಿನ್ ಪ್ರತಿ ವರ್ಷ ನಾಲ್ಕೂವರೆ ತಿಂಗಳು ನಿಲ್ಲುವುದರಿಂದ ಇದು ನನ್ನ ಎರಡನೆಯ ಸಂಶಯ. ಪೆಟ್ರೋಲಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ತೆಳುವಾದ ಕೊಳೆಗೆ ಸ್ವಲ್ಪ ಸಹಾಯ ಮಾಡೀತು, ಗಟ್ಟಿಯಾದ ಅಂಟನ್ನು ಕರಗಿಸುವುದಿಲ್ಲ. ಕೆಲವೊಮ್ಮೆ ಅದು ಸಡಿಲಿಸಿದ ಚೂರುಗಳೇ ಇಂಜೆಕ್ಟರಿನಲ್ಲಿ ಸಿಲುಕುತ್ತವೆ. ಮೆಕ್ಯಾನಿಕ್ ಒತ್ತಡ ಅಳೆಯುವಾಗ ಒಂದು ಮಾತು ಕೇಳಿಕೊಳ್ಳಿ: ದಡದಲ್ಲಿ, ನೀರಿನ ಪೈಪು ಜೋಡಿಸಿ ನಿಧಾನವಾಗಿ ಓಡಿಸಿದಾಗ ಅರ್ಧ ಕಟ್ಟಿದ ಜಾಲರಿಯೂ ಸರಿಯಾದ ಒತ್ತಡವನ್ನೇ ತೋರಿಸುತ್ತದೆ. ಗೇಜ್ ಕಟ್ಟಿಕೊಂಡು ನೀರಿನ ಮೇಲೆ, ಪೂರ್ಣ ವೇಗದಲ್ಲಿ, ದೋಷ ಕಾಣಿಸಿಕೊಳ್ಳುವವರೆಗೆ ನೋಡಬೇಕು.

ಅದೇ ಹೊತ್ತಿಗೆ ಬ್ಯಾಟರಿಯನ್ನೂ ಅಳೆಯಲಿ. ಹೈ ಪ್ರೆಷರ್ ಪಂಪ್ ವೋಲ್ಟೇಜಿಗೆ ತಕ್ಕಂತೆ ತಿರುಗುವುದರಿಂದ, ಕಿಲುಬು ಹಿಡಿದ ಒಂದು ಟರ್ಮಿನಲ್ ಕೂಡ ಪೆಟ್ರೋಲ್ ಕೊರತೆಯ ಲಕ್ಷಣವನ್ನೇ ತೋರಿಸಬಲ್ಲದು. ನಿಂತಾಗ 12.6 ವೋಲ್ಟ್ ಸುಮಾರಿಗೆ, ಓಡುವಾಗ 13.5ರಿಂದ 14.5ರ ನಡುವೆ ಇದ್ದರೆ ಸರಿ. ಕೈಯಿಂದ ತಿರುಗಿಸುವ ರೆಕ್ಕೆ ನಟ್ಟುಗಳಿದ್ದರೆ ತೆಗೆದುಹಾಕಿ, ಸ್ಪ್ಯಾನರಿನಿಂದ ಬಿಗಿಯುವ ನಟ್ಟು ಹಾಕಿ.

ಎಂಜಿನ್ ಕರಾವಳಿಯಿಂದ ಬಂದದ್ದು ಎಂದಿದ್ದೀರಿ. ಅದರಿಂದ ಎರಡು ಕೆಲಸಗಳು ಹುಟ್ಟುತ್ತವೆ. ಉಪ್ಪುನೀರಿನಲ್ಲಿ ದುಡಿದ ಎಂಜಿನ್ನಿನ ತಂಪು ನೀರಿನ ದಾರಿಯಲ್ಲಿ, ಮುಖ್ಯವಾಗಿ ಥರ್ಮೋಸ್ಟ್ಯಾಟಿನ ಸುತ್ತ, ಉಪ್ಪು ಗಟ್ಟಿಯಾಗಿ ಕುಳಿತಿರುತ್ತದೆ. ಸಿಹಿನೀರಿನಲ್ಲಿ ಮೂರು ವರ್ಷ ಓಡಿದ ಮಾತ್ರಕ್ಕೆ ಅದು ಕರಗಿಹೋಗುವುದಿಲ್ಲ. ತಂಪು ನೀರನ್ನು ಮೇಲೆತ್ತುವ ಇಂಪೆಲ್ಲರಿನ ರಬ್ಬರ್ ರೆಕ್ಕೆಗಳು ಬೇಸಿಗೆಯಲ್ಲಿ ನೀರು ಇಳಿದಾಗ ಏಳುವ ಕೆಸರಿನಿಂದ ಸವೆಯುತ್ತವೆ. ಎಂಜಿನ್ ಹೆಚ್ಚು ಬಿಸಿಯಾದರೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ ಮತ್ತು ಬಜರ್ ಕೂಗುತ್ತದೆ. ನಿಮ್ಮಲ್ಲಿ ಬಜರ್ ಕೂಗುತ್ತಿಲ್ಲ, ನಿಜ. ಆದರೆ ಬಜರೇ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಂಡಿದ್ದೀರಾ? ಹಲವು ಎಂಜಿನ್‌ಗಳಲ್ಲಿ ಕೀ ತಿರುಗಿಸಿದಾಗ ಅದು ಒಮ್ಮೆ ಕೂಗಬೇಕು. ಎಂಜಿನ್ ಸೊರಗುವ ಹೊತ್ತಿನಲ್ಲಿ ಹಿಂದಿನಿಂದ ಚಿಮ್ಮುವ ನೀರಿನ ಧಾರೆ ತೆಳುವಾಗುತ್ತದೆಯೇ ಎಂದೂ ನೋಡಿ.

ಎರಡನೆಯದು ಆನೋಡ್. ಎಂಜಿನ್ನಿನ ಲೋಹದ ಬದಲಿಗೆ ತಾನು ಸವೆಯಲೆಂದು ಕೂರಿಸಿರುವ ಆ ತುಂಡು ಸಮುದ್ರಕ್ಕೆ ಸತುವಿನದಾಗಿರುತ್ತದೆ. ಲಿಂಗನಮಕ್ಕಿಯ ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಕೆಲಸವನ್ನೇ ನಿಲ್ಲಿಸುತ್ತದೆ. ಸವೆಯದೆ ಹೊಸದರಂತೆ ಕಾಣುವ ಆನೋಡ್ ಒಳ್ಳೆಯ ಸುದ್ದಿಯಲ್ಲ. ಇಲ್ಲಿಗೆ ಮೆಗ್ನೀಸಿಯಮ್ ಆನೋಡ್ ಹೊಂದುತ್ತದೆ. ಎಂಜಿನ್ ಮುಂದೆಂದಾದರೂ ಸಮುದ್ರಕ್ಕೆ ಮರಳಿದರೆ ಮಾತ್ರ ಅದು ಬೇಗ ಕರಗಿಹೋಗುವುದರಿಂದ ಮತ್ತೆ ಬದಲಿಸಬೇಕಾಗುತ್ತದೆ.

ಕರಾವಳಿಯಲ್ಲಿದ್ದಷ್ಟು ಎಳೆತ ಇಲ್ಲಿ ಇಲ್ಲವೆಂದು ನಿಮಗೆ ಅನ್ನಿಸಿದ್ದರೆ ಅದರಲ್ಲಿ ಸ್ವಲ್ಪ ನಿಜವಿದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರದಿಂದ 1,819 ಅಡಿ ಎತ್ತರದಲ್ಲಿದೆ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಯಾವ ಪೆಟ್ರೋಲ್ ಎಂಜಿನ್ನಾದರೂ ನೂರಕ್ಕೆ ಐದರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇದು ಸಹಜ. ಹಾಗೆಯೇ, ಎಂಜಿನ್ ಜೋರಾಗಿ ಕೂಗಿದರೂ ದೋಣಿ ಮುಂದೆ ಹೋಗದಿದ್ದರೆ ಅದು ಬೊಡ್ಡೆಗೆ ಬಡಿದು ಪ್ರೊಪೆಲ್ಲರಿನ ಒಳಗಿನ ರಬ್ಬರ್ ಜಾರುತ್ತಿರುವ ಲಕ್ಷಣ, ಈಗಿನ ದೋಷಕ್ಕೆ ಸಂಬಂಧವಿಲ್ಲ.

ಈಗ ಎಥೆನಾಲಿನ ಪ್ರಶ್ನೆ. ಎಲ್ಲಕ್ಕೂ ಅದೇ ಕಾರಣ ಎನ್ನುವುದು ತಪ್ಪು, ಅದರಿಂದ ಏನೂ ಆಗುವುದಿಲ್ಲ ಎನ್ನುವುದೂ ತಪ್ಪು. 2025ರ ಹೊತ್ತಿಗೆ ನಮ್ಮ ಬಂಕ್‌ಗಳಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಇರುವ ಪೆಟ್ರೋಲೇ ಸಾಮಾನ್ಯವಾಗಿದೆ. ಬಹುತೇಕ ಔಟ್‌ಬೋರ್ಡ್ ಎಂಜಿನ್‌ಗಳ ಕೈಪಿಡಿಗಳು 10ರವರೆಗೆ ಮಾತ್ರ ಒಪ್ಪುತ್ತವೆ. ಎಥೆನಾಲಿನಲ್ಲಿ ಆಮ್ಲಜನಕ ಅಡಗಿರುವುದರಿಂದ ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದ ಕಡೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಈಚಿನ ಕಾರುಗಳು ಹೊಗೆಯ ಆಮ್ಲಜನಕವನ್ನು ಅಳೆದು ಇದನ್ನು ಸರಿದೂಗಿಸಿಕೊಳ್ಳುತ್ತವೆ. ಆ ಸೆನ್ಸರ್ ಇಲ್ಲದ ಔಟ್‌ಬೋರ್ಡುಗಳು ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಸಿಂಪಡಿಸುತ್ತವೆ, ಹಾಗಾಗಿ ಪೂರ್ಣ ವೇಗದಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಹಳೆಯ ರಬ್ಬರ್ ಪೈಪುಗಳು ಮೆತ್ತಗಾಗುತ್ತವೆ. ಇವು ನಿಜವಾದ ತೊಂದರೆಗಳೇ, ಆದರೆ ತಿಂಗಳುಗಳಲ್ಲಿ ಬೆಳೆಯುವ ತೊಂದರೆಗಳು. ಹದಿನೈದನೆಯ ನಿಮಿಷಕ್ಕೆ ಸರಿಯಾಗಿ ಎಂಜಿನ್ ನಿಲ್ಲಿಸುವಂಥವಲ್ಲ. 10ಕ್ಕಿಂತ ಕಡಿಮೆ ಎಥೆನಾಲಿನ ಪೆಟ್ರೋಲ್ ನಿಮಗೆ ಸಿಗದಿದ್ದರೆ ಪೂರ್ಣ ಥ್ರಾಟಲಿನಲ್ಲಿ ದೀರ್ಘಕಾಲ ಓಡಿಸದೆ ಮುಕ್ಕಾಲಿನಲ್ಲಿ ನಡೆಸುವುದು, ಪೈಪುಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸುವುದು, ಎರಡು ವಾರಕ್ಕಿಂತ ಹಳೆಯ ಪೆಟ್ರೋಲ್ ಇಟ್ಟುಕೊಳ್ಳದಿರುವುದು ನಾನು ಹೇಳುವ ದಾರಿ. ಇದರಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಎಥೆನಾಲ್ ನೀರನ್ನು ಎಳೆದುಕೊಂಡು ತಳಕ್ಕೆ ಇಳಿಯುತ್ತದೆ ಎಂಬ ಮಾತೂ ಅರ್ಧ ಸತ್ಯ. ಮಳೆಗಾಲದ ತೇವ ತುಂಬಿದ ಗಾಳಿಯೊಂದರಿಂದಲೇ ಅಷ್ಟು ನೀರು ಸೇರಲು ಬಹಳ ಕಾಲ ಬೇಕು. ನೂರಕ್ಕೆ 10ರ ಮಿಶ್ರಣ ಬೇರ್ಪಡಬೇಕಾದರೆ 15 ಡಿಗ್ರಿ ಶಾಖದಲ್ಲಿ ನೂರಕ್ಕೆ ಅರ್ಧದಷ್ಟು ನೀರು, ನಿಮ್ಮ ಟ್ಯಾಂಕಿನ ಲೆಕ್ಕದಲ್ಲಿ ಸುಮಾರು 300 ಮಿಲಿಲೀಟರ್, ಸೇರಬೇಕು. 20ರ ಮಿಶ್ರಣ ಇನ್ನೂ ಹೆಚ್ಚನ್ನು ತಡೆದುಕೊಳ್ಳುತ್ತದೆ. ನಾನು ಕಂಡ ಪ್ರಕರಣಗಳಲ್ಲಿ ನೀರು ಬಂದದ್ದು ಬಿರಿದ ಮುಚ್ಚಳದ ವಾಷರಿನಿಂದ, ತೊಳೆದು ಒಣಗಿಸದ ಕ್ಯಾನಿನಿಂದ, ಹೆಂಚಿನ ಸಂದಿಯಿಂದ ತೊಟ್ಟಿಕ್ಕಿದ ಮಳೆಯಿಂದ. ಒಮ್ಮೆ ಬೇರ್ಪಟ್ಟ ಪೆಟ್ರೋಲನ್ನು ಕಲಕಿಯಾಗಲಿ ಔಷಧಿ ಹಾಕಿಯಾಗಲಿ ಮರಳಿ ಸೇರಿಸಲಾಗದು. ಫಿಲ್ಟರಿನ ಬಟ್ಟಲಿನಿಂದಲೂ ಟ್ಯಾಂಕಿನ ತಳದಿಂದಲೂ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲುಗಿಸದೆ ಇಡಿ. ತಳದಲ್ಲಿ ಗೆರೆಯೆಳೆದಂತೆ ಬೇರೆ ಪದರ ಕಂಡರೆ ಟ್ಯಾಂಕಿನ ಅಷ್ಟೂ ಪೆಟ್ರೋಲನ್ನು ತೆಗೆಯಬೇಕು. ಅದನ್ನು ಹಿನ್ನೀರಿಗಾಗಲಿ ತೋಟದ ಬುಡಕ್ಕಾಗಲಿ ಸುರಿಯಬೇಡಿ, ಗ್ಯಾರೇಜಿಗೆ ಒಪ್ಪಿಸಿ.

ಮುಂದಿನ ಮಳೆಗಾಲಕ್ಕೆ ದೋಣಿ ಎತ್ತಿಡುವ ಕ್ರಮವನ್ನೇ ನೀವು ಬದಲಿಸಬೇಕೆಂಬುದು ನನ್ನ ಒತ್ತಾಯ, ಏಕೆಂದರೆ ಈಗಿನ ದೋಷ ಯಾವುದೇ ಆಗಿದ್ದರೂ ಅದು ಹುಟ್ಟಿದ್ದು ಆ ಕೊಟ್ಟಿಗೆಯಲ್ಲಿ. ಟ್ಯಾಂಕಿನ ವಿಷಯದಲ್ಲಿ ಎರಡು ದಾರಿಗಳಿವೆ. ಬಹುತೇಕ ತುಂಬಿಸಿ, ಪೆಟ್ರೋಲು ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸುವುದು ಒಂದು. ಇದರಿಂದ ಗಾಳಿಗೆ ಜಾಗವಿರುವುದಿಲ್ಲ, ರಬ್ಬರ್ ಒಣಗುವುದಿಲ್ಲ, ಆದರೆ 60 ಲೀಟರ್ ಪೆಟ್ರೋಲು ತಿಂಗಳುಗಟ್ಟಲೆ ಮನೆಯ ಪಕ್ಕದಲ್ಲಿರುತ್ತದೆ. ಪೂರ್ತಿ ಖಾಲಿ ಮಾಡುವುದು ಇನ್ನೊಂದು. ಬೆಂಕಿಯ ಭಯವಿಲ್ಲ, ಅಕ್ಟೋಬರಿನಲ್ಲಿ ಹೊಸ ಪೆಟ್ರೋಲಿನಿಂದ ಶುರು ಮಾಡಬಹುದು, ಆದರೆ ರಬ್ಬರ್ ಭಾಗಗಳು ಒಣಗಿ ಬಿರಿಯಬಹುದಾದ್ದರಿಂದ ಹೊರತೆಗೆದಾಗ ಒಂದೊಂದನ್ನೂ ಬಗ್ಗಿಸಿ ನೋಡಬೇಕು. ನಿಮ್ಮಂಥ ಅಡಿಕೆಯ ಮನೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ದೀಪಾವಳಿಯ ಹೊತ್ತಿಗೆ ಅಡಿಕೆ ಬೇಯಿಸುವ ಒಲೆ ಹೊತ್ತುವ ಅಂಗಳದ ಪಕ್ಕದಲ್ಲಿ ಅಷ್ಟು ಪೆಟ್ರೋಲ್ ಇರಬಾರದು. ಜೂನ್ ಮೊದಲ ವಾರದಲ್ಲಿ ತೆಗೆದ ಪೆಟ್ರೋಲನ್ನು, ಬಾಟಲಿಯಲ್ಲಿ ಪರೀಕ್ಷಿಸಿ ನೀರಿಲ್ಲವೆಂದು ಕಂಡರೆ, ಬೈಕಿಗೆ ಹಾಕಿ ಮುಗಿಸಿ.

ಕಾರ್ಬ್ಯುರೇಟರ್ ಎಂಜಿನ್ನನ್ನು ಪೆಟ್ರೋಲ್ ಮುಗಿಯುವವರೆಗೆ ಓಡಿಸಿ ನಿಲ್ಲಿಸುವ ಹಳೆಯ ರೂಢಿಯನ್ನು ಇಲ್ಲಿ ತರಬೇಡಿ. ನಿಮ್ಮ ಹೈ ಪ್ರೆಷರ್ ಪಂಪನ್ನು ತಣ್ಣಗಿಡುವುದೂ ಜಾರಿಸುವುದೂ ಅದರ ಸುತ್ತಲಿನ ಪೆಟ್ರೋಲೇ. ಒಣಗಿಸಿ ಓಡಿಸಿದರೆ ಪಂಪಿಗೆ ಪೆಟ್ಟು. ಅದರ ಬದಲು ಸಣ್ಣ ಕ್ಯಾನಿನಲ್ಲಿ ಹೊಸ ಪೆಟ್ರೋಲಿಗೆ ಸ್ಟೆಬಿಲೈಸರ್ ಬೆರೆಸಿ, ತಂಪಿಗೆ ನೀರಿನ ಪೈಪು ಜೋಡಿಸಿ ಹತ್ತು ಹದಿನೈದು ನಿಮಿಷ ಓಡಿಸಿ. ನಿಲ್ಲಿಸಿ ತಣಿದ ಮೇಲೆ ವಿಎಸ್‌ಟಿಯ ತಳದ ಸ್ಕ್ರೂ ಬಿಚ್ಚಿ ಅದರಲ್ಲಿರುವುದನ್ನು ಇಳಿಸಿ; ಇದನ್ನು ಮೊದಲ ಸಲ ಮೆಕ್ಯಾನಿಕ್ಕಿನಿಂದ ಮಾಡಿಸಿ ನೋಡಿ ಕಲಿಯುವುದು ಒಳ್ಳೆಯದು. ಎಂಜಿನ್ ಆಯಿಲನ್ನು ಮಳೆಗಾಲದ ನಂತರವಲ್ಲ, ಮೊದಲೇ ಬದಲಿಸಿ, ಏಕೆಂದರೆ ಬಳಸಿದ ಆಯಿಲಿನ ಆಮ್ಲ ತಿಂಗಳುಗಟ್ಟಲೆ ಬೇರಿಂಗುಗಳನ್ನು ತಿನ್ನುತ್ತದೆ. ಎಫ್‌ಸಿ-ಡಬ್ಲ್ಯೂ ಎಂದು ಬರೆದಿರುವ ಔಟ್‌ಬೋರ್ಡ್ ಆಯಿಲನ್ನೇ ಕೊಳ್ಳಿ. 100 ಗಂಟೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅದರ ಅವಧಿ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲಿನಿಂದ ನೀರು ಹೊಕ್ಕಿದೆ. ಪ್ರೊಪೆಲ್ಲರ್ ಬಿಚ್ಚಿ ದಂಡಕ್ಕೆ ಸುತ್ತಿಕೊಂಡ ಮೀನುಬಲೆಯ ದಾರವಿದೆಯೇ ನೋಡಿ. ಎಂಜಿನನ್ನು ನೇರವಾಗಿ ನಿಲ್ಲಿಸಿ, ನೀರು ತಾನಾಗಿ ಇಳಿಯುತ್ತದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ಕಟ್ಟಿದರೆ ಒಳಗೆಲ್ಲ ಬೂಸ್ಟು. ಹತ್ತಿ ಬಟ್ಟೆ ಹೊದಿಸಿ. ಬ್ಯಾಟರಿಯನ್ನು ಮನೆಯೊಳಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಇಲಿಗಳು ಮುಚ್ಚಳದೊಳಗೆ ಸೇರಿ ತಂತಿಯ ಹೊದಿಕೆ ಕಡಿಯುವುದು ನಮ್ಮ ಕಡೆ ಸಾಮಾನ್ಯ, ಆದ್ದರಿಂದ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು: ಗಾಳಿಯ ಪೈಪು ಕಳಚಿ ಊದಿ, ಫಿಲ್ಟರ್ ಬದಲಿಸಿ, ಬಾಟಲಿಯ ಪರೀಕ್ಷೆ ಮಾಡಿ, ಆಯಿಲಿನ ಕಡ್ಡಿ ನೋಡಿ, ನಂತರ ನೀರಿಗಿಳಿಸಿ ಮೇಲಿನ ಎರಡು ಪರೀಕ್ಷೆಗಳನ್ನು ಮಾಡಿ. ಎಂಜಿನ್ ಎಷ್ಟನೆಯ ನಿಮಿಷಕ್ಕೆ ಸೊರಗಿತು, ಆಗ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು, ಬಲ್ಬು ಹೇಗಿತ್ತು, ಮುಚ್ಚಳ ಸಡಿಲಿಸಿದಾಗ ಏನಾಯಿತು, ನೀರಿನ ಧಾರೆ ಹೇಗಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ದೋಷ ಹಾಗೆಯೇ ಉಳಿದರೆ ಆ ಹಾಳೆಯನ್ನು ಮೆಕ್ಯಾನಿಕ್ಕಿಗೆ ಕೊಟ್ಟು, ನೀರಿನ ಮೇಲೆ ಒತ್ತಡ ಅಳೆಯಲು ಮತ್ತು ದೋಷಸಂಕೇತ ಓದಲು ಕೇಳಿ; ಅವೆರಡೂ ಆಗುವವರೆಗೆ ಇಸಿಯುವಿಗೆ ಮುಂಗಡ ಕೊಡಬೇಡಿ. ಫಲಿತಾಂಶವನ್ನು ನನಗೂ ಬರೆದು ಕಳುಹಿಸಿ, ಅದನ್ನು ನೋಡಿ ಮುಂದಿನದನ್ನು ಹೇಳುತ್ತೇನೆ.